ಬಲಕ್ಕೆ ಬಿದ್ದ ಹೂವನ್ನು ಎಡಕ್ಕೆಂದೆ

ಹನುಮಪ್ಪನ ಬಲಭುಜದ ಹೂವು ಬಿದ್ದಿತ್ತು. ನಾನು ಮನೆಗೆ ಬಂದು ಎಡಗಡೆಯದು ಬಿತ್ತು ಎಂದು ಹೇಳಿದೆ. ನಾನು ಮಾಡಿದ್ದು ಇದು. ಆಮೇಲೆ ನಡೆದದ್ದೆಲ್ಲ ಇದರಿಂದಲೇ ನಡೆಯಿತು. ಇಪ್ಪತ್ತೊಂದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಲಿಲ್ಲ, ಮಕ್ಕಳಿಗೆ ಹೇಳಲಿಲ್ಲ. ಹೇಳಬೇಕಾಗಿದ್ದವಳಿಗಂತೂ — ನನ್ನ ನಾದಿನಿ ಸುವರ್ಣಾಳಿಗೆ — ಹೇಳಲೇ ಇಲ್ಲ.

ನಮ್ಮ ಹತ್ತಿಮತ್ತೂರಿನಲ್ಲಿ ಯಾವ ದೊಡ್ಡ ಕೆಲಸಕ್ಕೂ ಮುಂಚೆ ಹನುಮಪ್ಪನ ಗುಡಿಯಲ್ಲಿ ಪ್ರಸಾದ ಕೇಳುತ್ತಾರೆ. ಪೂಜಾರಿ ದೇವರ ಎರಡೂ ಭುಜಕ್ಕೆ ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಾನೆ. ನಾವು ಎದುರು ಕುಳಿತು ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಬೇಕು. ಬಲದ ಹೂವು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಪ್ರಶ್ನೆ ಏನೆಂದು ಪೂಜಾರಿಗೂ ಗೊತ್ತಿರುವುದಿಲ್ಲ. ಕೇಳಿದವರಿಗೂ ದೇವರಿಗೂ ಮಾತ್ರ ಗೊತ್ತು. ಹೀಗಾಗಿ ಸುಳ್ಳು ಹೇಳುವವರಿಗೆ ಇಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಆದರೆ ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ — ನಾನು ಹೇಳಿದೆ.

ಆಗ ಸುವರ್ಣಾಳಿಗೆ ಇಪ್ಪತ್ತೆರಡು. ಮಂಜುನಾಥ ಎಂಬ ಹುಡುಗನನ್ನು ಮೆಚ್ಚಿದ್ದಳು. ಹಾನಗಲ್ಲಿನವನು, ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ, ನಮ್ಮ ಹೊಲದ ಮೋಟಾರು ಸುಟ್ಟಾಗ ಬಂದಿದ್ದ. ಆಮೇಲೆ ಮೋಟಾರು ಸುಡದಿದ್ದಾಗಲೂ ಬರತೊಡಗಿದ. ಜಾತಿ ಬೇರೆ. ಮಾವನವರ ಮುಂದೆ ಆ ಮಾತು ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಓಡಿಹೋಗಿ ಲಗ್ನವಾಗುವುದು ಎಂದು ಇಬ್ಬರೂ ನಿಶ್ಚಯ ಮಾಡಿದ್ದರು. ಎಲ್ಲಿ ಎಂಬುದೂ ಗೊತ್ತಾಗಿತ್ತು. ಶಿವಮೊಗ್ಗ ದಾಟಿ ಘಟ್ಟ ಹತ್ತಿದರೆ ಒಂದು ಗುಡ್ಡವಿದೆ, ಗುಡ್ಡದ ಮೇಲೆಲ್ಲ ಅರಣ್ಯ ಇಲಾಖೆಯ ದೊಡ್ಡ ಪಾರ್ಕು. ತುದಿಯಲ್ಲಿ ಒಂದು ಸಣ್ಣ ಗುಡಿ. ಮಂಜುನಾಥ ಹಿಂದಿನ ಚಳಿಗಾಲದಲ್ಲಿ ಗೆಳೆಯರ ಜೊತೆ ಹೋಗಿದ್ದಾಗ ಒಂದು ಜೋಡಿ ಆ ಗುಡಿಯ ಮುಂದೆ ಹಾರ ಬದಲಿಸಿದ್ದನ್ನು ನೋಡಿ ಬಂದಿದ್ದ. ಅರ್ಚಕರು ಹೆಸರು ಬಿಟ್ಟು ಬೇರೇನೂ ಕೇಳಲಿಲ್ಲವಂತೆ. ಅಂದಿನಿಂದ ಇವರಿಬ್ಬರಿಗೂ ಆ ಗುಡ್ಡವೇ ಗುಡ್ಡ. ಉಳಿದದ್ದು ಯಾವ ಕಾಲಕ್ಕೆ ಹೋಗುವುದು ಎಂಬುದೊಂದೇ.

ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆವು. ಒಳಗೆ ಅತ್ತೆ ಮಲಗಿದ್ದರು — ಲಕ್ವಾ ಹೊಡೆದು ಒಂದು ಬದಿ ಬಿದ್ದುಹೋಗಿತ್ತು, ಮಾತೂ ಸ್ಪಷ್ಟವಿರಲಿಲ್ಲ. ಸುವರ್ಣಾ ದನಿ ತಗ್ಗಿಸಿ ಲೆಕ್ಕ ಹಾಕತೊಡಗಿದಳು.

"ಬ್ಯಾಸಿಗ್ಯಾಗ ಬ್ಯಾಡ್ರಿ ವೈನಿ. ಊರ ತುಂಬ ಲಗ್ನ, ಬಸ್ಸಿನ ತುಂಬ ಬೀಗರು. ಯಾರರೆ ಒಬ್ರು ಕಂಡು, ನಮ್ಮ ಸುವ್ವಿ ಯಾರ ಲಗ್ನಕ್ಕ ಹೊಂಟಾಳ ಅಂದ್ರ ಏನ್ ಹೇಳ್ಲಿ? ನಂದ ಅಂತ ಹೇಳ್ಲೇನು?"

"ಥಂಡಿಯಾಗ ಹೋಗು," ಎಂದೆ.

"ಥಂಡಿಯಾಗ ಆ ಗುಡ್ಡದ ಮ್ಯಾಲೆ ಸ್ವೆಟರ್ ಬೇಕಂತ್ರಿ. ನಾ ಸ್ವೆಟರ್ ಕೇಳಿದ್ರ ಅಪ್ಪ, ಹತ್ತಿಮತ್ತೂರಾಗ ಯಾವ ಹಿಮ ಬಿದ್ದೈತಿ ಅಂತಾನ."

ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕೆವು. ಖಾರ ಕಣ್ಣಿಗೆ ತಾಗಿ ನೀರು ಬಂತು. ಆ ನಗು ನೆನಪಾದಾಗಲೆಲ್ಲ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ — ನಗುತ್ತಿದ್ದ ಹೊತ್ತಿನಲ್ಲೂ ನಾನು ಒಳಗೆ ಬೇರೆಯೇ ಲೆಕ್ಕ ಹಾಕುತ್ತಿದ್ದೆ.

ಕಡೆಗೆ ದೀಪಾವಳಿ ಆದ ಮೇಲೆ ಎಂದು ಅವಳು ತೀರ್ಮಾನಿಸಿದಳು. ಮಳೆ ನಿಂತಿರುತ್ತದೆ, ಗುಡ್ಡ ಹಸಿರಾಗಿರುತ್ತದೆ, ಚಳಿ ಇನ್ನೂ ಕಚ್ಚುವುದಿಲ್ಲ. ಬುದ್ಧಿವಂತ ಹುಡುಗಿ. ಯಾರನ್ನು ಕೇಳಿದರೂ ಅದೇ ಒಳ್ಳೆಯ ಕಾಲ ಎನ್ನುತ್ತಿದ್ದರು. ಒಂದು ಸಲ ಪ್ರಸಾದ ಕೇಳಿಬಿಟ್ಟರೆ ಧೈರ್ಯ ಎಂದಳು. ಕಾರಹುಣ್ಣಿಮೆಯ ನಂತರದ ಶನಿವಾರ ಎಂದು ಇಟ್ಟುಕೊಂಡೆವು. ಆ ಶನಿವಾರ ಅವಳು ಮುಟ್ಟಾದಳು, ಗುಡಿಗೆ ಬರುವಂತಿರಲಿಲ್ಲ.

"ನೀವ ಕೇಳಿ ಬರ್ರಿ ವೈನಿ. ನಿಮ್ಮ ಮಾತು ಹನುಮಪ್ಪ ಕೇಳ್ತಾನ. ನಿಮ್ಮಷ್ಟು ಭಕ್ತಿ ನನಗೆಲ್ಲೈತಿ?"

ಹೋದೆ. ಕಣ್ಣು ಮುಚ್ಚಿ ಕೇಳಿದೆ — ಸುವರ್ಣಾ ದೀಪಾವಳಿ ಆದ ಮೇಲೆ ಹೋಗಲೇನಪ್ಪಾ? ಕಣ್ಣು ಬಿಡುವುದರೊಳಗೆ ಬಲಗಡೆಯ ಹೂವು ಜಾರಿತು. ಎಷ್ಟೋ ಸಲ ಅರ್ಧ ತಾಸು ಕುಳಿತರೂ ಬೀಳದ ಹೂವು, ಆ ದಿನ ತಡಮಾಡಲೇ ಇಲ್ಲ. ಪೂಜಾರಿ ಅದನ್ನು ನನ್ನ ಉಡಿಗೆ ಹಾಕಿ, "ಛಲೋ ಆತು ನೋಡವಾ," ಎಂದ.

ಛಲೋ ಆಗಿತ್ತು, ಅವಳಿಗೆ. ನಾನು ಆಗ ಐದು ತಿಂಗಳ ಬಸುರಿ. ಎರಡನೆಯದು. ದೀಪಾವಳಿಯ ಆಸುಪಾಸಿಗೆ ದಿನ ತುಂಬುತ್ತಿದ್ದವು. ಶಿಗ್ಗಾವಿಯ ನನ್ನ ತವರಿನಲ್ಲಿ ಅವ್ವ ಇರಲಿಲ್ಲ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅತ್ತೆಯನ್ನು ಹೊರಳಿಸುವವಳು, ಒರೆಸುವವಳು, ಉಣಿಸುವವಳು ಸುವರ್ಣಾ. ನನ್ನ ಬಾಣಂತನ ಮಾಡಬೇಕಾದವಳೂ ಸುವರ್ಣಾ. ಅವಳು ಹೋದರೆ — ಹಸಿಬಾಣಂತಿ ನಾನು, ಹಾಸಿಗೆ ಹಿಡಿದ ಅತ್ತೆ, ಮೂರು ವರ್ಷದ ಮಗಳು, ಮೇಲೆ ಮಾವನವರ ಸಿಟ್ಟು. ಗುಡಿಯಿಂದ ಮನೆಗೆ ಇನ್ನೂರು ಹೆಜ್ಜೆ. ಅಷ್ಟರಲ್ಲಿ ಇದೆಲ್ಲ ಯೋಚಿಸಿದೆ. ಇನ್ನೊಂದೂ ನೆನಪಾಯಿತು. ನನ್ನ ಅಣ್ಣ ಶಿಗ್ಗಾವಿಯಲ್ಲಿ ಟೆಂಪೊ ಓಡಿಸುತ್ತಿದ್ದ, ಜನರನ್ನು ಪ್ರವಾಸಕ್ಕೆ ಒಯ್ಯುತ್ತಿದ್ದ. ಅವನು ಒಮ್ಮೆ ಊಟಕ್ಕೆ ಕುಳಿತಾಗ ಆ ಗುಡ್ಡದ ಮಾತು ಬಂದು ಹೇಳಿದ್ದ: "ಮಿರಗ ಮಳಿ ಹತ್ತಿತಂದ್ರ ಅಲ್ಲಿ ಗೇಟ್ ಹಾಕ್ತಾರವಾ. ಗುಡ್ಡ ಜರೀತಾವು. ಮಳಿಗಾಲ ಮುಗಿಯೂತನಾ ನರಪಿಳ್ಳೆನೂ ಬಿಡಂಗಿಲ್ಲ."

ಮಂಜುನಾಥನಿಗೆ ಇದು ಗೊತ್ತಿರಲಿಲ್ಲ. ಸುವರ್ಣಾಳಿಗೂ ಗೊತ್ತಿರಲಿಲ್ಲ.

ಹೊಸ್ತಿಲಲ್ಲೇ ಕಾದು ನಿಂತಿದ್ದಳು. ನಾನು ಹೇಳಿದೆ: "ದೀಪಾವಳಿಗೆ ಬ್ಯಾಡಂದ. ಎಡಕ್ಕ ಬಿತ್ತು. ಆಷಾಢಕ್ಕ ಅಂತ ಕೇಳಿದೆ — ಬಲಕ್ಕ ಕೊಟ್ಟ."

ಆಷಾಢದ ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ.

"ಆಷಾಢದಾಗ ಯಾರರೆ ಲಗ್ನ ಆಗ್ತಾರೇನ್ರಿ?" ಎಂದಳು. ಮುಖ ಸಣ್ಣದಾಗಿತ್ತು. ನಮ್ಮಲ್ಲಿ ಆಷಾಢದಲ್ಲಿ ಲಗ್ನದ ಮಾತೇ ಇಲ್ಲ, ಲಗ್ನವಾದ ಹೊಸ ಹುಡುಗಿಯರನ್ನೂ ಆ ತಿಂಗಳು ತವರಿಗೆ ಕಳಿಸುತ್ತಾರೆ.

"ಅದಕ್ಕ ಯಾರಿಗೂ ಸಂಶಯ ಬರಂಗಿಲ್ಲ. ದೇವರ ಹೂ ಕೊಟ್ಟಮ್ಯಾಲೆ ಪಂಚಾಂಗ ಯಾಕ ಬೇಕು ನಿನಗ?"

ಇಷ್ಟು ಸಲೀಸಾಗಿ ಬಂತು ಮಾತು. ನನ್ನ ಲೆಕ್ಕ ಇದು: ಹೋಗುತ್ತಾರೆ, ಗೇಟು ಹಾಕಿರುತ್ತದೆ, ಮರಳಿ ಬರುತ್ತಾರೆ. ಮುಂದಿನ ವರ್ಷ ನನ್ನ ಕೂಸು ಅಂಬೆಗಾಲಿಡುವಾಗ ಹೋಗಲಿ ಬೇಕಾದರೆ. ಮುರಿಯಬೇಕೆಂದು ನಾನು ಬಯಸಿರಲಿಲ್ಲ, ಒಂದಿಷ್ಟು ತಿಂಗಳು ಮುಂದಕ್ಕೆ ಹಾಕಬೇಕೆಂದಿದ್ದೆ — ಹೀಗೆ ಬರೆಯುವಾಗ ನನಗೇ ತಿಳಿಯುತ್ತದೆ, ಇದು ನೆಪ. ಒಬ್ಬಳ ಬಾಳಿನ ದಿನವನ್ನು ನನ್ನ ಬಾಣಂತನಕ್ಕಾಗಿ ಆಚೀಚೆ ಸರಿಸಲು ನಾನು ಯಾರು?

ಮಣ್ಣೆತ್ತಿನ ಅಮಾವಾಸ್ಯೆ ಆಗಿ, ಆಷಾಢ ಹುಟ್ಟಿ ಒಂದು ವಾರಕ್ಕೆ, ನಸುಕಿನ ಮೊದಲ ಬಸ್ಸಿಗೆ ಹೊರಟಳು. ಶಿಗ್ಗಾವಿಗೆ, ನನ್ನ ಅಣ್ಣನ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತೇನೆಂದು ಮಾವನವರಿಗೆ ಹೇಳಿದಳು. ಆ ಸುಳ್ಳನ್ನೂ ನಾನೇ ಕಟ್ಟಿಕೊಟ್ಟದ್ದು. ಹೋಗುವಾಗ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದಳು. ಅತ್ತೆ ಬದುಕಿದ್ದ ಒಂದು ಕೈ ಎತ್ತಿ ಏನೋ ಅಂದರು, ತಿಳಿಯಲಿಲ್ಲ. ಆಮೇಲೆ ನನ್ನ ಕಾಲಿಗೂ ಬಗ್ಗಿದಳು.

ಆ ದಿನವಿಡೀ ನಾನು ಮಾಡಿದ ಅಡುಗೆಗೆ ಉಪ್ಪಿರಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಅದನ್ನೂ ಒಂದು ಸಣ್ಣ ಕೃಪೆ ಎಂದು ಎಣಿಸಿದೆ. ನನಗೊಂದು ರೂಢಿ — ಸಂಜೆ ದೀಪ ಹಚ್ಚಿ, ಆ ದಿನ ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ಎಣಿಸುತ್ತೇನೆ. ಹಾಲು ಒಡೆಯಲಿಲ್ಲ. ಗಿರಣಿಗೆ ಹೋದಾಗ ಕರೆಂಟು ಇತ್ತು. ಅತ್ತೆ ಎರಡು ತುತ್ತು ಹೆಚ್ಚು ಉಂಡರು. ಅವ್ವ ಕಲಿಸಿದ್ದು.

ಆ ರಾತ್ರಿ ಊಟವಾದ ಮೇಲೂ ದೀಪದ ಮುಂದೆ ಕುಳಿತು ಎಣಿಸುತ್ತಿದ್ದಾಗ ಸುವರ್ಣಾ ಬಂದಳು. ಮೈಯೆಲ್ಲ ತೊಯ್ದಿತ್ತು, ಚಪ್ಪಲಿಗೆ ನಮ್ಮ ಊರಿನದಲ್ಲದ ಕೆಂಪು ಕೆಸರು.

"ಯಾಕವಾ, ಎರಡು ದಿನ ಇರ್ತೇನಿ ಅಂದಿದ್ದಿ?" ಎಂದರು ಮಾವನವರು ಕಟ್ಟೆಯಿಂದಲೇ.

"ಮನಸ್ಸ ನಿಲ್ಲಲಿಲ್ಲಪ್ಪ," ಎಂದು ಒಳಗೆ ಬಂದಳು.

ಒಲೆಯ ಮುಂದೆ ಕುಳ್ಳಿರಿಸಿ ತಲೆ ಒರೆಸಿದೆ. ಆಗ ಹೇಳಿದಳು. ಗುಡ್ಡದ ಬುಡದಲ್ಲಿ ರಸ್ತೆಗೆ ಅಡ್ಡ ಗೇಟು, ಗೇಟಿಗೆ ಸರಪಳಿ. ಕಾವಲುಗಾರ ಒಳ್ಳೆಯವನೇ, ಚಹಾ ಕೊಟ್ಟನಂತೆ. "ಮಳೆ ನಿಲ್ಲೋವರೆಗೂ ಯಾರನ್ನೂ ಬಿಡೋ ಹಾಗಿಲ್ಲಮ್ಮ. ದೀಪಾವಳಿ ಕಳೀಲಿ, ಬನ್ನಿ, ಆಗ ಚೆನ್ನಾಗಿರುತ್ತೆ," ಎಂದನಂತೆ.

ದೀಪಾವಳಿ ಕಳೆಯಲಿ ಎಂದು ಒಬ್ಬ ಅಪರಿಚಿತ ಹೇಳಿದ. ಹನುಮಪ್ಪ ಹೇಳಿದ್ದನ್ನೇ ಹೇಳಿದ.

ಮಂಜುನಾಥ ಬೇಡಿಕೊಂಡನಂತೆ — ಕೆಳಗಿನ ಊರಿನಲ್ಲಿ ಬೇರೆ ಗುಡಿ ಇದೆ, ಅಲ್ಲೇ ಆಗೋಣ. ಇಲ್ಲದಿದ್ದರೆ ನಾಳೆ ನೋಂದಣಿ ಕಚೇರಿಯಲ್ಲಿ ಲಗ್ನದ ಅರ್ಜಿ ಕೊಡೋಣ. ಇವಳು ಗೇಟಿನ ಮುಂದಿನ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕುಳಿತವಳು ಏಳಲಿಲ್ಲವಂತೆ.

"ವೈನಿ," ಎಂದಳು, ನನ್ನ ಕೈ ಹಿಡಿದು. "ಆಷಾಢಕ್ಕ ಹೂ ಬಲಕ್ಕ ಬಿದ್ದಿದ್ದು ಖರೇನೋ?"

ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತ್ತು. ಆಗಲೂ ಹೇಳಬಹುದಾಗಿತ್ತು. ಇಲ್ಲ ಸುವ್ವಿ, ಸುಳ್ಳು, ದೀಪಾವಳಿಗೇ ಕೊಟ್ಟಾನ — ಇಷ್ಟು ಸಾಕಾಗಿತ್ತು. ಬೈಯುತ್ತಿದ್ದಳು, ಅಳುತ್ತಿದ್ದಳು, ನಾಲ್ಕು ತಿಂಗಳು ನನ್ನ ಜೊತೆ ಮಾತು ಬಿಡುತ್ತಿದ್ದಳು, ಆಮೇಲೆ ಹೋಗುತ್ತಿದ್ದಳು. ನಾನು ಹೇಳಿದ್ದು ಬೇರೆ:

"ಖರೇನ. ಹೂ ಕೊಟ್ಟಾಂವನೂ ಅವನ, ಬಾಗಲಾ ಹಾಕಿದಾಂವನೂ ಅವನ. ಅವನ ಮನಸ್ಸಿನ್ಯಾಗ ಇಲ್ಲ, ಬಿಡು."

ಹೂವಿನ ಸುಳ್ಳು ಬೇಗ ಸಾಯುತ್ತಿತ್ತೇನೋ. ಈ ಎರಡನೆಯ ಮಾತು ಸಾಯಲಿಲ್ಲ. ಅದನ್ನು ಅವಳು ನುಂಗಿದಳು, ಅದು ಅವಳ ರಕ್ತವಾಯಿತು.

ದೀಪಾವಳಿಗೆ ನಾಲ್ಕು ದಿನ ಮುಂಚೆ ನಾನು ಗಂಡುಮಗು ಹೆತ್ತೆ. ಸುವರ್ಣಾ ನನಗೆ ಎಣ್ಣೆ ತಿಕ್ಕಿ ನೀರು ಹಾಕಿದಳು, ಕೂಸಿಗೆ ಲೋಬಾನದ ಹೊಗೆ ಹಾಕಿದಳು, ನನಗೆ ಅಳವಿ ಬೀಜದ ಪಾಯಸ ಮಾಡಿ ಕೊಟ್ಟಳು, ಒಳಗೆ ತಾಯಿಯನ್ನು ಹೊರಳಿಸಿ ಬಂದಳು. ನನ್ನ ಬಾಣಂತನ ಬಹಳ ಚೆನ್ನಾಗಿ ಆಯಿತು. ಊರವರೆಲ್ಲ ಹೇಳಿದರು, ಇಂಥ ನಾದಿನಿ ಸಿಗಲು ಪುಣ್ಯ ಬೇಕೆಂದು.

ಹಬ್ಬ ಕಳೆದು ವಾರಕ್ಕೆ ಮಂಜುನಾಥ ಹಿತ್ತಿಲ ಬೇಲಿಯ ಹತ್ತಿರ ಬಂದು ನಿಂತ. ನಾನು ಕೋಣೆಯ ಕಿಟಕಿಯಿಂದ ನೋಡಿದೆ, ಕೂಸಿಗೆ ಹಾಲು ಕುಡಿಸುತ್ತ. ಅವನ ಮಾತು ಕೇಳಿಸಲಿಲ್ಲ. ಇವಳದು ಕೇಳಿಸಿತು: "ದೇವರು ಹಾಕಿದ ಬಾಗಲಾ ನಾ ತೆಗೀಲೇನು ಮಂಜು? ಹೋಗು. ಇನ್ನ ಬರಬ್ಯಾಡ." ನಾನು ಕೂಗಬಹುದಾಗಿತ್ತು. ಕೂಸು ಎದೆಯಲ್ಲಿತ್ತು, ನನ್ನ ಬಾಯಿ ಖಾಲಿಯೇ ಇತ್ತಲ್ಲ.

ಮುಂದಿನ ವೈಶಾಖದಲ್ಲಿ ಅವಳನ್ನು ಹಂಸಭಾವಿಗೆ ಕೊಟ್ಟರು. ಗಂಡ ಕೆಟ್ಟವನಲ್ಲ. ಹೊಲ ಇದೆ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಬಹಳ ವರ್ಷ ನಾನು ಇದನ್ನೇ ಎಣಿಸಿಕೊಂಡೆ — ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಇನ್ನೊಬ್ಬರ ಬದುಕಿನ ಕೃಪೆಗಳನ್ನು ನಾನು ಎಣಿಸಿ ಸಮಾಧಾನಪಟ್ಟರೆ ಏನು ಬಂತು?

ನನಗೆ ನಿಜಕ್ಕೂ ತಳಮಳ ಹತ್ತಿದ್ದು ಅವಳ ಲಗ್ನದಿಂದಲ್ಲ. ಅವಳು ಬದುಕುವ ರೀತಿಯಿಂದ. ಅಂಗನವಾಡಿಗೆ ಅರ್ಜಿ ಹಾಕಿದ್ದಳು, ಸಂದರ್ಶನಕ್ಕೆ ಹಿರೇಕೆರೂರಿಗೆ ಕರೆದಿದ್ದರು. ಮುಂಜಾನೆಯ ಬಸ್ಸು ತಪ್ಪಿತು. ಹಿಂದೆಯೇ ಇನ್ನೊಂದು ಬಸ್ಸಿತ್ತು, ಹತ್ತಲಿಲ್ಲ. "ದೇವರ ಮನಸ್ಸಿನ್ಯಾಗ ಇಲ್ರಿ ವೈನಿ," ಎಂದಳು. ಕಣ್ಣಿಗೆ ಪೊರೆ ಬಂತು, ತೋರಿಸಲು ಹೋದ ದಿನ ಡಾಕ್ಟರು ರಜೆಯಲ್ಲಿದ್ದರು, ಮತ್ತೆ ಹೋಗಲೇ ಇಲ್ಲ. ಗಂಡ ನಗುತ್ತಾನೆ: "ನಮ್ಮಾಕಿ ಮುಂದ ಬಾಗಲಾ ಗಾಳಿಗೆ ಬಡಕೊಂಡ್ರೂ ಮುಗೀತ್ರಿ ಅಕ್ಕಾರ, ದೇವರ ಹಾಕ್ಯಾನಂತ ತಿಳೀತಾಳ." ನಾನೂ ನಗಬೇಕಾಗುತ್ತದೆ. ಸಾಕಾಗಿದೆ ನನಗೆ ಆ ನಗು. ಅವಳನ್ನು ಹಿಡಿದು ಅಲುಗಾಡಿಸಬೇಕೆನ್ನಿಸುತ್ತದೆ — ಏ ಹುಚ್ಚಿ, ಬಾಗಿಲು ಹಾಕಿದರೆ ಬಡಿ, ಒದಿ, ಹಿತ್ತಿಲಿಂದ ಹೋಗು! ಆದರೆ ಯಾವ ಬಾಯಿಂದ ಹೇಳಲಿ? ಕಲಿಸಿದವಳು ನಾನೇ.

ಪ್ರಾಯಶ್ಚಿತ್ತ ಮಾಡಿಕೊಳ್ಳಲಿಲ್ಲವೆಂದಲ್ಲ. ಶನಿವಾರ ಉಪವಾಸ ಹಿಡಿದೆ. ಎಣ್ಣೆ ದೀಪ, ಪ್ರದಕ್ಷಿಣೆ, ನೆಲಕ್ಕೆ ಮೈ ಚಾಚಿ ಹಾಕುವ ದೀಡ ನಮಸ್ಕಾರ. ಹನುಮಪ್ಪನಿಗೆ ಎಲ್ಲವನ್ನೂ ಹೇಳಿದ್ದೇನೆ, ಒಂದು ಸಲವಲ್ಲ, ನೂರು ಸಲ. ಆದರೆ ಅವನಿಗೆ ಅಂದೇ ಗೊತ್ತಿತ್ತಲ್ಲ — ಗೊತ್ತಿದ್ದವನಿಗೆ ಹೇಳಿದರೆ ಅದು ತಪ್ಪೊಪ್ಪಿಗೆ ಹೇಗಾಗುತ್ತದೆ? ಊರಿನ ಹೆಂಗಸರಂತೂ ಇಂದಿಗೂ, "ನೀವ ಕೇಳಿ ಬರ್ರಿ, ನಿಮ್ಮ ಮಾತು ನಡಿತೈತಿ," ಎಂದು ನನ್ನನ್ನೇ ಪ್ರಸಾದ ಕೇಳಲು ಕಳಿಸುತ್ತಾರೆ. ಮೊಣಕಾಲು ನೋವು ಎಂದು ತಪ್ಪಿಸಿಕೊಳ್ಳುತ್ತೇನೆ. ಅದೂ ಸುಳ್ಳೇ.

ಹೋದ ವರ್ಷ ಗಂಡನ ಜೊತೆ ಹಾನಗಲ್ಲಿಗೆ ಹೋದಾಗ ಪಂಪಿನ ಅಂಗಡಿಯೊಂದಕ್ಕೆ ಹೊಕ್ಕೆವು. ಒಳಗಿಂದ ಮಂಜುನಾಥ ಬಂದ. ಅಂಗಡಿ ಅವನದೇ. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು ಕುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ. ಗಂಡ ಹೊರಗೆ ಫೋನಿನಲ್ಲಿದ್ದಾಗ ಮೆಲ್ಲಗೆ ಕೇಳಿದ: "ಸುವರ್ಣಾ ಅರಾಮ ಅದಾರೇನ್ರಿ?" ಹೂಂ ಎಂದೆ. "ಸಾಕ್ರಿ," ಎಂದ. ಆ ಚಹಾ ಕುಡಿದು ಮುಗಿಸಿದೆ, ನೋಡಿ. ಲೋಟದಲ್ಲಿ ಬಿಡಲೂ ಆಗಲಿಲ್ಲ.

ಇಷ್ಟು ದಿನ ತಡೆದವಳು ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ — ಸುವರ್ಣಾಳ ಮಗಳು ಪೂಜಾ. ಪಿಯುಸಿ ಚೆನ್ನಾಗಿ ಮಾಡಿದ್ದಾಳೆ. ನರ್ಸಿಂಗ್ ಓದಬೇಕೆಂದು ಅವಳ ಆಸೆ, ಶಿಗ್ಗಾವಿಯಲ್ಲಿ ಸೀಟೂ ಸಿಕ್ಕಿದೆ. ಮೊನ್ನೆ ಗುರುವಾರ ತಾಯಿ ಮಗಳು ಕಾಲೇಜಿಗೆ ಹೆಸರು ಹಚ್ಚಲು ಹೋದರು. ಆ ದಿನ ಯಾರೋ ದೊಡ್ಡವರು ತೀರಿಕೊಂಡು ಕಾಲೇಜಿಗೆ ರಜೆ ಕೊಟ್ಟಿದ್ದರು. ಸುವರ್ಣಾ ಮಗಳ ಕೈ ಹಿಡಿದು ಮುಂದಿನ ಬಸ್ಸಿಗೆ ಮರಳಿದಳು. ಸಂಜೆ ನನಗೆ ಫೋನು ಮಾಡಿದಳು.

"ಗೇಟ್ ಹಾಕಿತ್ರೀ ವೈನಿ. ಸರಪಳಿ ಸೈತ ಹಾಕಿದ್ರು. ನನಗ ಎದಿ ಝಲ್ಲಂತು. ಹುಡುಗಿ ನಸೀಬಿನ್ಯಾಗ ಇಲ್ಲ. ಹಾವೇರಿ ಕಡೆ ಒಂದು ವರ ಬಂದೈತಿ, ಅದನ್ನ ನೋಡಿಬಿಡ್ತೇವಿ. ನೀವ ಏನಂತೀರಿ?"

ಕುಕ್ಕರ್ ಕೂಗುತ್ತಿದೆ ಎಂದು ಫೋನು ಇಟ್ಟುಬಿಟ್ಟೆ. ಕುಕ್ಕರ್ ಇಟ್ಟಿರಲೇ ಇಲ್ಲ.

ಮರುದಿನ ಪೂಜಾ ತಾನಾಗಿಯೇ ಫೋನು ಮಾಡಿದಳು, ಹಿತ್ತಿಲಲ್ಲಿ ನಿಂತು, ಪಿಸುದನಿಯಲ್ಲಿ. "ಅತ್ತಿ, ಸೋಮವಾರ ಕಡೀ ದಿನ ಐತ್ರಿ. ಅಪ್ಪ ಹ್ಞೂಂ ಅಂದಾನ. ಅವ್ವ ಒಬ್ಬಾಕೀನ ಕೇಳವಲ್ಲಳು. ನೀವರೆ ಹೇಳ್ರಿ. ಅವ್ವ ನೀವು ಹೇಳಿದ್ದಷ್ಟ ಕೇಳ್ತಾಳ."

ನಾನು ಹೇಳಿದ್ದಷ್ಟೇ ಕೇಳುತ್ತಾಳೆ. ಹೌದು.

ಮೊದಲು ನನಗೆ ಹೊಳೆದದ್ದೇನು ಗೊತ್ತೇ? ಇನ್ನೊಂದು ಸುಳ್ಳು. ಪೂಜಾಳ ಹೆಸರಿನಲ್ಲಿ ಪ್ರಸಾದ ಕೇಳಿದೆ, ಬಲಕ್ಕೆ ಬಿತ್ತು, ಕಳಿಸಿಬಿಡು — ಎಂದರೆ ಮುಗಿಯಿತು. ಹುಡುಗಿಯ ಸೀಟೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಫೋನನ್ನು ಕೈಗೆ ತೆಗೆದುಕೊಂಡಿದ್ದೆ ಕೂಡ. ಸುವರ್ಣಾಳ ನಂಬರು ಒತ್ತಿ, ಗಂಟೆ ಬಾರಿಸುವ ಮುಂಚೆ ಕಡಿದುಹಾಕಿದೆ. ಐವತ್ತು ದಾಟಿದ ಮೇಲೂ ನನ್ನ ಬುದ್ಧಿ ಅದೇ ದಾರಿಗೆ ಹೋಯಿತಲ್ಲ ಎಂದು ಕೆನ್ನೆಗೆ ಹೊಡೆದುಕೊಂಡೆ. ಹೀಗೆ ಹೇಳಿದರೆ ಪೂಜಾ ಕಾಲೇಜಿಗೆ ಹೋದಾಳು. ಸುವರ್ಣಾ ಮಾತ್ರ ಇನ್ನೂ ಅದೇ ಗೇಟಿನ ಮುಂದೆ, ಅದೇ ಕಟ್ಟೆಯ ಮೇಲೆ ಕುಳಿತಿರುತ್ತಾಳೆ.

ಇಂದು ಶನಿವಾರ. ನಾಳೆ ಮುಂಜಾನೆ ಹಂಸಭಾವಿಗೆ ಹೋಗುತ್ತೇನೆ. ಸವಣೂರಿನವರೆಗೆ ಗಂಡ ಬಿಡುತ್ತಾರೆ, ಮುಂದೆ ಬಸ್ಸು. ಯಾಕೆ ಎಂದು ಅವರು ಕೇಳಿದರು. ಬಂದ ಮೇಲೆ ಹೇಳುತ್ತೇನೆ, ಮೊದಲು ಕೇಳಬೇಕಾದವಳು ಅವಳು ಎಂದೆ. ಪೂಜಾಳನ್ನು ಎದುರಿಗೆ ಕೂರಿಸಿಕೊಂಡೇ ಹೇಳುತ್ತೇನೆ. ಸುವರ್ಣಾ, ಹನುಮಪ್ಪ ನಿನಗೆ ಯಾವ ಬಾಗಿಲೂ ಹಾಕಿರಲಿಲ್ಲ. ಅವನು ಹೋಗು ಎಂದಿದ್ದ. ಹಾಕಿದವಳು ನಾನು, ನನ್ನ ಮೈ ತೊಳೆಯಲು ಒಬ್ಬರು ಬೇಕಾಗಿತ್ತು ಎಂಬ ಕಾರಣಕ್ಕೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ, ಹಾಗೇ ಇದ್ದಾಳೆ ಅವಳು, ದೇವರ ಇಚ್ಛೆ ಎಂದು ಅದನ್ನೂ ನುಂಗುತ್ತಾಳೆ. ನುಂಗಬಾರದು. ಈ ಒಂದು ಸಲವಾದರೂ ಅವಳು ಸಿಟ್ಟಾಗಬೇಕು. ನನ್ನನ್ನು ಬೈಯಬೇಕು, ಓಣಿಯವರೆಲ್ಲ ಹೊರಬಂದು ನೋಡುವಂತೆ ಬೈಯಬೇಕು. ಬೈದು, ಬೆಳಗಾದರೆ ಮಗಳನ್ನು ಕರೆದುಕೊಂಡು ಶಿಗ್ಗಾವಿಯ ಬಸ್ಸು ಹತ್ತಬೇಕು. ಆ ಬಸ್ಸಿನಲ್ಲಿ ಅವಳ ಪಕ್ಕ ನನಗೆ ಜಾಗ ಇರುವುದಿಲ್ಲ. ಇರಬಾರದು.